ಹಿನೊಕಿ ಮಣೆಯಲ್ಲಿ ಕಪ್ಪು ಚುಕ್ಕೆ, ಅನ್ನದ ಮರಿಗೆಯ ಪಟ್ಟಿ ಸಡಿಲ: ಎರಡೂ ಒಂದೇ ಮರವೇ?

ನಗೋಯಾ_ಅಡುಗೆಮನೆ ಕೇಳಿದ್ದು:

ನಮಸ್ಕಾರ. ಇರುವುದು ಜಪಾನಿನ ನಗೋಯಾದಲ್ಲಿ. 2 ಸೆಂ.ಮೀ. ದಪ್ಪದ ಹಿನೊಕಿ (ಜಪಾನಿನ ಸೈಪ್ರೆಸ್ ಮರ) ತರಕಾರಿ ಮಣೆ ಇದೆ, ಜೊತೆಗೆ 3 ಗೋ (ಇಲ್ಲಿನ ಅಕ್ಕಿ ಅಳತೆ) ಅಕ್ಕಿಯ ಅನ್ನ ಹಿಡಿಯುವ ಮರಿಗೆ, ಇಲ್ಲಿನವರು ಒಹಿತ್ಸು ಅನ್ನುವಂಥದ್ದು. ಮಣೆಯ ಕೆಳಅಂಚಿನಲ್ಲಿ ಕಪ್ಪು ಚುಕ್ಕೆ ಎದ್ದಿವೆ. ಬ್ಲೀಚ್ ಹಾಕಬಹುದೇ? ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದೆ, ಯಾಕೆ? ಮರಿಗೆಯ ತಾಮ್ರದ ಪಟ್ಟಿ ಚಳಿಗಾಲದಲ್ಲಿ ಜಾರಿ ಕೆಳಗಿಳಿದಿದೆ. ಅದರ ಚೀಟಿಯಲ್ಲಿ ‘ಸವಾರಾ’ ಎಂದು ಬರೆದಿದೆ. ಹಿನೊಕಿಗಿಂತ ಕಡಿಮೆ ದರ್ಜೆಯ ಮರವೇ ಇದು?

ಉಜ್ಜುಗೊರಡು:

ಮಣೆಯ ವಿಷಯ ಮೊದಲು. ಚುಕ್ಕೆ ಕೆಳಅಂಚಿನಲ್ಲೇ ಇದೆ ಅಂದರೆ ಅದು ಬೂಷ್ಟು. ಒದ್ದೆ ಮಣೆಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿದರೆ ನೀರೆಲ್ಲ ಇಳಿದು ಆ ಅಂಚಿನಲ್ಲೇ ಕೂರುತ್ತದೆ. ಕ್ಲೋರಿನ್ ಬ್ಲೀಚ್ ಬೇಡ. ಮೇಲಿನ ಕಪ್ಪು ತಿಳಿಯಾದರೂ ಒಳಗೆ ಇಳಿದದ್ದು ಹಾಗೇ ಉಳಿಯುತ್ತದೆ, ಮರ ಹಳದಿಗಟ್ಟುತ್ತದೆ, ಬ್ಲೀಚಿನ ವಾಸನೆ ಹೋಗುವುದಿಲ್ಲ.

ಮಣೆಯನ್ನು ನೆರಳಲ್ಲಿ ಎರಡು ಮೂರು ದಿನ ಪೂರ್ತಿ ಒಣಗಿಸಿ. ಹಸಿ ಮರ ಉಜ್ಜಿದರೆ ನಾರು ಏಳುತ್ತದೆ, ಸ್ಯಾಂಡ್ ಪೇಪರ್ ಕಟ್ಟಿಕೊಳ್ಳುತ್ತದೆ. 120 ನಂಬರಿನ ಸ್ಯಾಂಡ್ ಪೇಪರನ್ನು ಒಂದು ಚಪ್ಪಟೆ ಮರದ ತುಂಡಿಗೆ ಸುತ್ತಿ, ನಾರು ಓಡಿದ ದಿಕ್ಕಿಗೇ ಉಜ್ಜಿ, ಆಮೇಲೆ ಇನ್ನೂ ನಯವಾದ 240. ಚುಕ್ಕೆ ಇರುವಲ್ಲಿ ಮಾತ್ರ ಉಜ್ಜಬೇಡಿ. ಅಲ್ಲಿ ತಗ್ಗು ಬೀಳುತ್ತದೆ, ಚಾಕು ಮಣೆಗೆ ಪೂರ್ತಿ ತಾಗುವುದಿಲ್ಲ, ಹೆಚ್ಚಿದ ಕೊತ್ತಂಬರಿ ದಂಟು ಸರದ ಹಾಗೆ ಒಂದಕ್ಕೊಂದು ಅಂಟಿಕೊಂಡೇ ಬರುತ್ತದೆ. ಇಡೀ ಮುಖವನ್ನು ಸಮನಾಗಿ ಇಳಿಸಬೇಕು. ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಎದ್ದ ನಾರಿಗೆ ಮತ್ತೊಮ್ಮೆ ಹಗುರವಾಗಿ 240. ಕಪ್ಪು 1 ಮಿ.ಮೀ.ಗಿಂತ ಆಳಕ್ಕೆ ಹೋಗಿದ್ದರೆ ಪೇಪರಿನಿಂದ ಆಗದು, ಉಜ್ಜುಗೊರಡು ಹೊಡೆಸಿ. 2 ಸೆಂ.ಮೀ. ದಪ್ಪಕ್ಕೆ ಅದು ಏನೂ ಅಲ್ಲ.

ದಿನದ ಬಳಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೆಚ್ಚುವ ಮೊದಲು ಎರಡೂ ಮುಖ ನೀರಲ್ಲಿ ನೆನೆಸಿ ಒರೆಸುವುದು. ಒಣ ಮರ ರಸ ಕುಡಿಯುತ್ತದೆ. ಮೊದಲೇ ನೀರು ಕುಡಿದಿದ್ದರೆ ರಸಕ್ಕೆ ಜಾಗವಿರುವುದಿಲ್ಲ. ತೊಳೆಯುವಾಗ ಮೊದಲು ತಣ್ಣೀರು. ಮೀನು, ಮೊಟ್ಟೆ ಹೆಚ್ಚಿದ ಮಣೆಗೆ ನೇರ ಬಿಸಿನೀರು ಸುರಿದರೆ ಅವು ಅಲ್ಲೇ ಬೆಂದು ಗಟ್ಟಿಯಾಗಿ ಹಿಡಿದುಬಿಡುತ್ತವೆ. ತೆಂಗಿನ ನಾರಿನಿಂದ ಉಜ್ಜಿ ತೊಳೆದ ಮೇಲೆ ಬಿಸಿನೀರು ಹಾಯಿಸಿ, ಒರೆಸಿ, ಅಡಿಗೆ ಎರಡು ಕಡ್ಡಿ ಕೊಟ್ಟು ನಿಲ್ಲಿಸಿ. ನಾರು ಮೇಲಿಂದ ಕೆಳಕ್ಕೆ ಬರುವಂತಿದ್ದರೆ ನೀರು ಬೇಗ ಇಳಿಯುತ್ತದೆ. ಡಿಶ್‌ವಾಶರ್‌ಗೆ ಮಾತ್ರ ಹಾಕಲೇಬೇಡಿ, ಸೀಳುತ್ತದೆ.

ಅರಿಶಿನ ಸೋಪಿನ ಕ್ಷಾರಕ್ಕೆ ಕೆಂಪಾಗುತ್ತದೆ, ಸುಣ್ಣ ಬೆರೆತಾಗ ಕುಂಕುಮದ ಬಣ್ಣ ಬರುವ ಹಾಗೆಯೇ. ನಿಂಬೆರಸ ಒರೆಸಿದರೆ ತಿರುಗಿ ಹಳದಿ. ಆ ಹಳದಿ ಬೆಳಕಿಗೆ ಮಾಸುತ್ತದೆ. ಬೆಳಗಿನ ಎಳೆಬಿಸಿಲಿಗೆ ಎರಡೂ ಮುಖವನ್ನು ಅರ್ಧರ್ಧ ಗಂಟೆ ತಿರುಗಿಸಿಡಿ, ನಾಲ್ಕಾರು ದಿನ. ಮಧ್ಯಾಹ್ನದ ಬಿಸಿಲಿಗಿಟ್ಟರೆ ಮಣೆ ಸೊಟ್ಟಗಾಗುತ್ತದೆ.

ಮರಿಗೆ_ಕಟ್ಟುವವರು:

ಸವಾರಾ ಕಡಿಮೆ ದರ್ಜೆಯದಲ್ಲ, ಒಹಿತ್ಸುವಿಗೆ ಅದೇ ಸರಿಯಾದ ಮರ. ಹಿನೊಕಿಯ ಪರಿಮಳ ಸ್ನಾನದ ತೊಟ್ಟಿಗೆ ಚೆನ್ನ, ಬಿಸಿ ಅನ್ನಕ್ಕೆ ಜಾಸ್ತಿಯಾಗುತ್ತದೆ. ಸವಾರಾ ಹಗುರ, ವಾಸನೆ ಕಡಿಮೆ, ನೀರಿಗೆ ತಡೆಯುತ್ತದೆ. ಹಲಗೆ ಸೀಳಿದ ರೀತಿಯೂ ನೋಡಿ: ನಿಮ್ಮ ಮರಿಗೆಯ ಹಲಗೆಗಳಲ್ಲಿ ಗೆರೆಗಳು ನೇರವಾಗಿ, ಒತ್ತೊತ್ತಾಗಿ ಇರುತ್ತವೆ. ಅದಕ್ಕೆ ಮಸಾಮೆ ಎನ್ನುತ್ತಾರೆ. ಅಂಥ ಹಲಗೆ ಅನ್ನದ ಹಬೆಯನ್ನು ಹೀರಿಕೊಂಡು, ಅನ್ನ ಆರಿದಂತೆ ಅದನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಸಾಕೆ (ಅಕ್ಕಿಯ ಮದ್ಯ) ತುಂಬುವ ಪೀಪಾಯಿಗೆ ಬೇಕಾದದ್ದು ಇದರ ಉಲ್ಟಾ. ಅಲ್ಲಿ ಅಲೆಅಲೆ ಗೆರೆಯ ಇತಾಮೆ ಹಲಗೆ ಹಾಕುತ್ತಾರೆ, ದ್ರವ ಸೋರದಿರಲಿ ಎಂದು.

ಪಟ್ಟಿ ಜಾರಿದ್ದು ಮರ ಒಣಗಿ ಕುಗ್ಗಿದ್ದರಿಂದ. ಹೀಟರ್ ಗಾಳಿಯೇ ಕಾರಣ ಇರಬೇಕು. ಮರಿಗೆಯನ್ನು ಬೋರಲು ಹಾಕಿ, ಪಟ್ಟಿಯನ್ನು ಮೊದಲಿದ್ದ ಗುರುತಿಗೆ ತನ್ನಿ. ಪಟ್ಟಿಯ ಅಂಚಿನ ಮೇಲೆ ಒಂದು ಮರದ ತುಂಡು ಇಟ್ಟು, ಸುತ್ತಲೂ ಸ್ವಲ್ಪಸ್ವಲ್ಪವೇ ತಟ್ಟಿ. ಒಂದೇ ಕಡೆ ಹೊಡೆದರೆ ಇನ್ನೊಂದು ಕಡೆ ಮೇಲೇಳುತ್ತದೆ, ತಾಮ್ರಕ್ಕೆ ಪೆಟ್ಟೂ ಬೀಳುತ್ತದೆ. ಆಮೇಲೆ ಒಳಗೆ ನೀರು ತುಂಬಿ, ಹೊರಗೆ ಒದ್ದೆ ಬಟ್ಟೆ ಸುತ್ತಿ ಕೆಲವು ಗಂಟೆ ಬಿಡಿ. ಮೊದಮೊದಲು ಸೋರಿದರೆ ಗಾಬರಿ ಬೇಡ, ಹಲಗೆ ಊದಿ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಅಂಟು, ಎಣ್ಣೆ ಏನೂ ಹಾಕಬೇಡಿ. ಡಿಶ್ ಸೋಪೂ ಬೇಡ, ಮರ ಅದನ್ನು ಕುಡಿದು ಮುಂದಿನ ಅನ್ನಕ್ಕೆ ಕೊಡುತ್ತದೆ.

ನಗೋಯಾ_ಅಡುಗೆಮನೆ:

ಇಬ್ಬರಿಗೂ ಧನ್ಯವಾದ. ಹಿನೊಕಿಯಲ್ಲಿ ಹಿನೊಕಿಟಿಯಾಲ್ ಎಂಬ ಬೂಷ್ಟು ತಡೆಯುವ ರಾಸಾಯನಿಕ ಇರುವುದರಿಂದ ಬೂಷ್ಟು ಬರುವುದೇ ಇಲ್ಲ ಎಂದು ಓದಿದ್ದೆ. ಮತ್ತೆ ಇದಕ್ಕೆ ಯಾಕೆ ಬಂತು?

ಶಂಕುಮರ:

ಹೆಸರು ತಂದ ಗೊಂದಲ ಅದು. ಹಿನೊಕಿಟಿಯಾಲನ್ನು ಜಪಾನಿ ರಸಾಯನವಿಜ್ಞಾನಿ ನೊಜೊಯೆ ತೆತ್ಸುಒ 1936ರಲ್ಲಿ ಕಂಡುಹಿಡಿದದ್ದು ತೈವಾನಿನ ಹಿನೊಕಿಯಲ್ಲಿ. ಜಪಾನಿನ ಹಿನೊಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅದು ಚೆನ್ನಾಗಿರುವ ಜಪಾನಿ ಮರ ಬೇಕೆಂದರೆ ಉತ್ತರದ ಅಓಮೊರಿಯ ಹಿಬಾ, ಅಂದರೆ ಅಸುನಾರೊ ಜಾತಿ. ಹಿಬಾ ಮಣೆಯ ವಾಸನೆ ಖಾರ, ಎಲ್ಲರಿಗೂ ಹಿಡಿಸುವುದಿಲ್ಲ. ಹಿನೊಕಿಗೆ ಬೇರೆ ಎಣ್ಣೆಗಳ ರಕ್ಷಣೆ ಇದೆ, ಆದರೆ ಅದು ಒಳಗಿನ ಚೇಗಿಗೆ ಮಾತ್ರ. ಹೊರಗಿನ ಬಿಳಿ ಮರ ಬೇಗ ಕೆಡುತ್ತದೆ. ನಿಮ್ಮ ಮಣೆಯ ಕಪ್ಪಾದ ಅಂಚು ಬಿಳಿಚಿಕೊಂಡಿದ್ದು, ನಡುಭಾಗ ತುಸು ಗುಲಾಬಿಯಾಗಿದ್ದರೆ ಅದೇ ಕಾರಣ.

ನಗೋಯಾದಿಂದ ಕಿಸೊ ಕಣಿವೆ ಹತ್ತಿರವೇ. ಎದೊ ಕಾಲದಲ್ಲಿ (1603–1868) ಅಲ್ಲಿ ಹಿನೊಕಿ, ಸವಾರಾ, ಅಸುನಾರೊ, ನೆಜುಕೊ, ಕೊಯಾಮಾಕಿ ಈ ಐದು ಮರಗಳನ್ನೂ ಅನುಮತಿಯಿಲ್ಲದೆ ಕಡಿಯುವಂತಿರಲಿಲ್ಲ. ಜಪಾನಿನ ಶಿಂಟೋ ಧರ್ಮದ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವುದಕ್ಕೂ ಕಿಸೊ ಹಿನೊಕಿಯೇ ಹೋಗುತ್ತದೆ. ಕಳೆದ ಸಲ 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಕಿಸೊಗೆ ಹೋದರೆ ಒಂದು ರೆಂಬೆ ಮಗುಚಿ, ಎಲೆಯ ಹಿಂಭಾಗ ನೋಡಿ. ಬಿಳಿ ಗೆರೆ ಇಂಗ್ಲಿಷಿನ ವೈ ಅಕ್ಷರದ ಹಾಗಿದ್ದು ಎಲೆತುದಿ ಮೊಂಡಾಗಿದ್ದರೆ ಹಿನೊಕಿ. ಎಕ್ಸ್ ಹಾಗೆ, ಚಿಟ್ಟೆ ರೆಕ್ಕೆ ಬಿಚ್ಚಿದಂತಿದ್ದು ತುದಿ ಚುಚ್ಚಿದರೆ ಸವಾರಾ. ಎಲೆ ದಪ್ಪವಿದ್ದು, ಸುಣ್ಣ ಬಳಿದಂಥ ಅಗಲ ಪಟ್ಟೆ ಇದ್ದರೆ ಅಸುನಾರೊ. ಕಾಯಿಯೂ ಸುಳಿವು ಕೊಡುತ್ತದೆ, ಹಿನೊಕಿಯದು ಸುಮಾರು 1 ಸೆಂ.ಮೀ., ಸವಾರಾದ್ದು ಅದಕ್ಕಿಂತ ಚಿಕ್ಕದು.

ಕುಂಡದ_ಗಿಡ:

ಬೆಂಗಳೂರಿನ ನರ್ಸರಿಯವರು ಗೋಲ್ಡನ್ ಸೈಪ್ರೆಸ್ ಅಂತ ಕೊಡುವುದೂ ಈ ಹಿನೊಕಿಯೇನಾ? ಬೋನ್ಸಾಯ್‌ಗೆ ತರೋಣ ಅಂತಿದ್ದೆ.

ಶಂಕುಮರ:

ಎಲೆ ಹೊಸಕಿ ನೋಡಿ. ನಿಂಬೆಯ ವಾಸನೆ ಬಂದರೆ ಅದು ಗೋಲ್ಡ್‌ಕ್ರೆಸ್ಟ್, ಕ್ಯಾಲಿಫೋರ್ನಿಯಾದ ಮಾಂಟೆರಿ ಸೈಪ್ರೆಸ್‌ನ ತಳಿ. ಎಲೆಗಳು ಬೀಸಣಿಗೆಯಂತೆ ನೆಟ್ಟಗೆ ನಿಂತು, ಎರಡೂ ಮಗ್ಗುಲು ಒಂದೇ ಹಸಿರಿದ್ದರೆ ಅದು ಥೂಜಾ, ನಮ್ಮ ಮಕ್ಕಳು ಪುಸ್ತಕದಲ್ಲಿಡುವ ವಿದ್ಯೆ ಗಿಡ. ಹಿನೊಕಿಯ ಬೀಸಣಿಗೆ ಮಲಗಿರುತ್ತದೆ, ಕೆಳಗೆ ಆ ಬಿಳಿ ವೈ ಇರಲೇಬೇಕು.

ನಿಜವಾದ ಹಿನೊಕಿಯೇ ಸಿಕ್ಕಿದರೆ ಕತ್ತರಿಯಲ್ಲಿ ಎಲೆ ಸವರಬೇಡಿ, ಕತ್ತರಿಸಿದ ಅಂಚು ಕಂದಾಗುತ್ತದೆ. ಬೆಳೆದ ತುದಿಯನ್ನು ಬೆರಳಲ್ಲಿ ಚಿವುಟಿ. ಒಳಗಿನ ಎಲೆಗೆ ಬೆಳಕು ಬೀಳುವಂತೆ ರೆಂಬೆ ಬಿಡಿಸುತ್ತಿರಿ, ಯಾಕೆಂದರೆ ಹಸಿರು ಕಳೆದುಕೊಂಡ ಹಳೆ ಕೊಂಬೆಯಲ್ಲಿ ಅದು ಮತ್ತೆ ಚಿಗುರುವುದಿಲ್ಲ.