ಪಿಕೆಯು ಇರುವ ಮಗುವಿಗೆ ಶುಗರ್ ಮೀಟರ್ ಥರದ್ದು ಸಿಗುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗನಿಗೆ ನಾಲ್ಕು ವರ್ಷ, ಪಿಕೆಯು (ಫೀನೈಲ್ಕೀಟೋನ್ಯೂರಿಯಾ) ಅನ್ನೋ ಹುಟ್ಟು ಕಾಯಿಲೆ ಇದೆ, ಪ್ರೋಟೀನಿನಲ್ಲಿರುವ ಫೀನೈಲಲನಿನ್ ಅನ್ನೋ ಅಮೈನೋ ಆಸಿಡ್ ಕರಗದೆ ರಕ್ತದಲ್ಲಿ ಸೇರಿಕೊಳ್ಳುತ್ತೆ. ಬೇಳೆ, ಹಾಲು, ಮೊಟ್ಟೆ ಯಾವುದೂ ಕೊಡುವ ಹಾಗಿಲ್ಲ, ಫೀನೈಲಲನಿನ್ ಇಲ್ಲದ ಪುಡಿ ಕಲಸಿ ಕುಡಿಸುತ್ತೇವೆ. ತಿಂಗಳಿಗೊಮ್ಮೆ ಬೆರಳು ಚುಚ್ಚಿ, ಕಾರ್ಡ್ ಮೇಲೆ ರಕ್ತದ ಹನಿ ಹಾಕಿ ಕೊರಿಯರ್ ಮಾಡಬೇಕು. ರಿಪೋರ್ಟ್ ಬರುವಷ್ಟರಲ್ಲಿ ವಾರ ಕಳೆದಿರುತ್ತೆ, ಅವತ್ತು ಏನು ತಿಂದಿದ್ದ ಅಂತ ನನಗೇ ಮರೆತಿರುತ್ತೆ. ನಮ್ಮ ಮಾವನವರು ದಿನಾ ಬೆಳಗ್ಗೆ ಮನೆಯಲ್ಲೇ ಶುಗರ್ ನೋಡಿಕೊಳ್ಳುತ್ತಾರಲ್ಲ, ಇದಕ್ಕೂ ಅಂಥ ಮೀಟರ್ ಯಾಕಿಲ್ಲ?

ಉತ್ತರ: ಮೆಡಿಕಲ್ ಶಾಪ್‌ಗೆ ಹೋಗಿ ತರುವಂಥದ್ದು ನಮ್ಮಲ್ಲಿ ಇಲ್ಲ. ನಾನು ಕೆಲಸ ಮಾಡುವಂಥ, ಸೆನ್ಸರ್ ತಯಾರಿಸುವ ಲ್ಯಾಬ್‌ಗಳಲ್ಲಿ ವರ್ಷಗಟ್ಟಲೆಯಿಂದ ಪ್ರಯತ್ನ ನಡೆದೇ ಇದೆ.

ಮಾವನವರ ಸ್ಟ್ರಿಪ್ ತುದಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ರಕ್ತ ಹೀರುವ ಸಣ್ಣ ಕಿಂಡಿ ಇದೆ, ಒಳಗೆ ಎಲೆಕ್ಟ್ರೋಡ್ ಗೆರೆಗಳ ಮೇಲೆ ಒಣಗಿಸಿದ ಎಂಜೈಮ್ ಇರುತ್ತದೆ. ಅದು ಸಕ್ಕರೆಯಿಂದ ಎಲೆಕ್ಟ್ರಾನ್ ಕಿತ್ತು ಎಲೆಕ್ಟ್ರೋಡಿಗೆ ದಾಟಿಸುತ್ತದೆ, ಮೀಟರ್ ಆ ಕರೆಂಟನ್ನು ಅಳೆಯುತ್ತದೆ. ಖಾಲಿ ಹೊಟ್ಟೆಯಲ್ಲೂ 100 ಮಿಲಿ ರಕ್ತದಲ್ಲಿ ಸುಮಾರು 90 ಮಿಲಿಗ್ರಾಂ ಸಕ್ಕರೆ ಇರುತ್ತದೆ. ಫೀನೈಲಲನಿನ್ ಸಾಮಾನ್ಯವಾಗಿ ಇರುವುದೇ 1 ಮಿಲಿಗ್ರಾಂ, ನಿಮ್ಮ ಮಗನಿಗೆ 2ರಿಂದ 6ರ ಒಳಗೆ ಇಡಿ ಅಂದಿರುತ್ತಾರೆ. ಅಷ್ಟರಲ್ಲೇ 5 ಯಾವುದು 7 ಯಾವುದು ಅಂತ ತಪ್ಪದೆ ಹೇಳಬೇಕು.

ಇನ್ನೊಂದು ತಲೆನೋವು, ರಕ್ತದಲ್ಲಿ ಅದರ ಅಣ್ಣತಮ್ಮಂದಿರೂ ಇದ್ದಾರೆ, ಅಂದರೆ ಅದರಂಥದ್ದೇ ಬೇರೆ ಅಮೈನೋ ಆಸಿಡ್ಗಳು. ಹಾವಿನ ವಿಷದಿಂದ ಸಿಗುವ ಒಂದು ಎಂಜೈಮ್ ಇದೆ, ಫೀನೈಲಲನಿನ್ ಸಿಕ್ಕರೂ ಬಿಡಲ್ಲ, ಲ್ಯೂಸಿನ್ ಸಿಕ್ಕರೂ ಬಿಡಲ್ಲ. ಟೈರೋಸಿನ್ ಅಂತೂ ಒಂದೇ ಒಂದು ಆಕ್ಸಿಜನ್ ಜಾಸ್ತಿ, ಮಿಕ್ಕಿದ್ದೆಲ್ಲ ಅದೇ. (ಆ ಆಕ್ಸಿಜನ್ ಸೇರಿಸಲು ನಿಮ್ಮ ಮಗನ ಲಿವರ್‌ಗೆ ಆಗಲ್ಲ, ಪಿಕೆಯು ಅಂದರೆ ಅಷ್ಟೇ.) ಇವೆರಡನ್ನು ಸುಮಾರಾಗಿ ಬೇರೆ ಮಾಡಬಲ್ಲ ಫೀನೈಲಲನಿನ್ ಡಿಹೈಡ್ರೋಜನೇಸ್ ಬಳಸಿದರೆ, ಅದರ ಫಲಿತಾಂಶ ಓದಲು ಎಲೆಕ್ಟ್ರೋಡಿಗೆ ವೋಲ್ಟೇಜ್ ಜಾಸ್ತಿ ಕೊಡಬೇಕಾಗುತ್ತದೆ. ಆಗ ವಿಟಮಿನ್ ಸಿ, ಯೂರಿಕ್ ಆಸಿಡ್, ಪ್ಯಾರಸಿಟಮಾಲ್ ಎಲ್ಲವೂ ಕರೆಂಟ್ ಕೊಡಲು ಶುರು ಮಾಡುತ್ತವೆ. ನಮ್ಮದೊಂದು ಸ್ಟ್ರಿಪ್ ಉಪ್ಪುನೀರಿನ ದ್ರಾವಣದಲ್ಲಿ ಎರಡು ತಿಂಗಳು ಚಿನ್ನದಂತೆ ಕೆಲಸ ಮಾಡಿತು. ರಕ್ತ ಹಾಕಿದ ಮೊದಲ ದಿನವೇ ನಂಬರ್ ಎಲ್ಲೆಲ್ಲೋ ಹೋಯಿತು. ವಿಚಾರಿಸಿದರೆ, ರಕ್ತ ಕೊಟ್ಟವರು ಜ್ವರ ಅಂತ ಬೆಳಗ್ಗೆ ಮಾತ್ರೆ ನುಂಗಿದ್ದರು!

ಪ್ರಶ್ನೆ: ಅಂದರೆ ಸದ್ಯಕ್ಕೆ ಕಾರ್ಡೇ ಗತಿ ಅಲ್ವಾ ಮೇಡಂ?

ಉತ್ತರ: ಹೌದು, ಆದರೆ ಕಾರ್ಡನ್ನು ಹಗುರವಾಗಿ ನೋಡಬೇಡಿ. 1963ರಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಪ್ರಕಟಿಸಿದ ಪರೀಕ್ಷೆಯಿಂದ ಬಂದ ದಾರಿ ಅದು. ಬೆಳೆಯದಂತೆ ತಡೆದಿಟ್ಟ ಬ್ಯಾಕ್ಟೀರಿಯಾದ ಮೇಲೆ ಒಣಗಿದ ರಕ್ತದ ಕಾಗದದ ಚೂರು ಇಡುತ್ತಿದ್ದರು, ಫೀನೈಲಲನಿನ್ ಜಾಸ್ತಿ ಇದ್ದರೆ ಸುತ್ತ ಬ್ಯಾಕ್ಟೀರಿಯಾ ಬೆಳೆದು ಬೆಳ್ಳಗೆ ಉಂಗುರ ಕಾಣುತ್ತಿತ್ತು. ಒಂದು ಥರ ಜೀವಂತ ಸೆನ್ಸರ್. ಈಗ ಅದೇ ಚೂರನ್ನು ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರಕ್ಕೆ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹಾಕುತ್ತಾರೆ.

ನೀವು ಪ್ರತಿ ಸಲವೂ ಒಂದೇ ಹೊತ್ತಿಗೆ ಹನಿ ತೆಗೆಯಿರಿ, ಬೆಳಗ್ಗೆ ಪುಡಿ ಕುಡಿಸುವ ಮುಂಚೆ ಆದರೆ ಒಳ್ಳೆಯದು. ಕಾರ್ಡನ್ನು ಬಿಸಿಲಿಗೆ ಇಡದೆ ಮಟ್ಟಸವಾಗಿ ಮೂರ್ನಾಲ್ಕು ಗಂಟೆ ಒಣಗಿಸಿ. ಕಾರ್ಡಿನ ನಂಬರ್ ಸಾಮಾನ್ಯವಾಗಿ ನರದಿಂದ ತೆಗೆದ ರಕ್ತಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ, ಹಾಗಾಗಿ ಕಾರ್ಡನ್ನು ಕಾರ್ಡಿಗೇ ಹೋಲಿಸಿ. ಹಿಂದಿನ ಮೂರು ದಿನ ತಿಂದಿದ್ದನ್ನು ಬರೆದು, ಕಾರ್ಡಿನ ಪಕ್ಕ ಇಟ್ಟು ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಮರೆಯುವ ಮಾತೇ ಇರಲ್ಲ.

ಪ್ರಶ್ನೆ (ಇನ್ನೊಬ್ಬರು): ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಗೋಬಿ ಮಂಚೂರಿಗೆ ಅಜಿನೊಮೊಟೊ ಹಾಕಿದ್ದಾರಾ ಅಂತ ಇಂಥ ಸೆನ್ಸರ್‌ನಲ್ಲಿ ಗೊತ್ತಾಗುತ್ತಾ?

ಉತ್ತರ: ಅದು ಇದಕ್ಕಿಂತ ಎಷ್ಟೋ ಸುಲಭ. ಅಜಿನೊಮೊಟೊ ಅಂದರೆ ಗ್ಲುಟಮೇಟ್ ಅನ್ನೋ ಅಮೈನೋ ಆಸಿಡಿನ ಉಪ್ಪು. ಗ್ಲುಟಮೇಟ್ ಆಕ್ಸಿಡೇಸ್ ಅಂತ ಎಂಜೈಮ್ ಇದೆ, ಗ್ಲುಟಮೇಟ್ ಬಿಟ್ಟು ಬೇರೆಯದರ ತಂಟೆಗೆ ಅಷ್ಟಾಗಿ ಹೋಗಲ್ಲ. ಪ್ರಮಾಣವೂ ಧಾರಾಳ. ಆದರೆ ಸೆನ್ಸರ್ ಎಷ್ಟಿದೆ ಅಂತ ಹೇಳುತ್ತದೆ, ಎಲ್ಲಿಂದ ಬಂತು ಅಂತ ಹೇಳಲ್ಲ. ಹಣ್ಣಾದ 100 ಗ್ರಾಂ ಟೊಮೆಟೊದಲ್ಲೇ ಸುಮಾರು 200 ಮಿಲಿಗ್ರಾಂ ಗ್ಲುಟಮೇಟ್ ಇರುತ್ತದೆ, ಸೋಯಾ ಸಾಸ್‌ನಲ್ಲಿ ಇನ್ನೂ ಜಾಸ್ತಿ. ನಿಮ್ಮ ಗೋಬಿಯಲ್ಲಿ ಎರಡೂ ಇವೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿಯಲ್ಲಿ ನಿಷೇಧಿಸಿದ್ದು ಕೃತಕ ಬಣ್ಣವನ್ನು, ಅದರ ಪರೀಕ್ಷೆಯೇ ಬೇರೆ.