ಹಳೇ ಎಚ್‌ಐಡಿ ತಗೊಳ್ಳಲಾ, 10,000 ಲ್ಯೂಮೆನ್‌ನ ಎಲ್‌ಇಡಿ ತಗೊಳ್ಳಲಾ?

ಪ್ರಶ್ನೆ (ಬೆಂಗಳೂರಿನ ಸದಸ್ಯರು):
ನಮಸ್ಕಾರ ಸರ್. ನೇತ್ರಾಣಿಯಲ್ಲಿ ಸ್ಕೂಬಾ ಕಲಿತೆ, ಈಗ ಹುಚ್ಚು ಹಿಡಿದಿದೆ. ಬಾಲಿಯ ತುಲಂಬೆನ್‌ನಲ್ಲಿ ಮುಳುಗಿರುವ ಲಿಬರ್ಟಿ ಹಡಗಿನ ಹತ್ತಿರ ರಾತ್ರಿ ಡೈವ್ ಮಾಡುವ ಆಸೆ. ಸ್ವಂತ ಲೈಟ್ ಬೇಕು. ಕಣ್ಣ ಮುಂದೆ ಮೂರು ಇವೆ. ಒಂದು, ದುಬೈನಲ್ಲಿರುವ ಗೆಳೆಯನ ಹಳೇ 21 ವ್ಯಾಟ್ ಎಚ್‌ಐಡಿ (ಫಿಲಮೆಂಟ್ ಬದಲು ಕಿಡಿಯಿಂದ ಬೆಳಗುವ ಬಲ್ಬಿನ ಲೈಟ್), ಸೊಂಟಕ್ಕೆ ಕಟ್ಟುವ ಬ್ಯಾಟರಿ ಡಬ್ಬಿ ಸಮೇತ. ಎರಡು, ಆನ್‌ಲೈನ್‌ನಲ್ಲಿ ಸಿಗುವ ಒಂದೇ ಸೆಲ್ಲಿನ ಎಲ್‌ಇಡಿ ಟಾರ್ಚ್, 10,000 ಲ್ಯೂಮೆನ್, ಎರಡು ಗಂಟೆ ಉರಿಯುತ್ತದೆ ಅಂತ ಬರೆದಿದ್ದಾರೆ. ಮೂರು, ಅದರ ನಾಲ್ಕು ಪಟ್ಟು ಬೆಲೆಯ ಡೈವಿಂಗ್ ಕಂಪನಿ ಲೈಟ್, ಆದರೆ ಬರೀ 1,000 ಲ್ಯೂಮೆನ್. 10,000 ಬಿಟ್ಟು 1,000 ತಗೊಳ್ಳೋದು ದಡ್ಡತನ ಅಲ್ವಾ?

ಉತ್ತರ (ಡೈವಿಂಗ್ ಇನ್‌ಸ್ಟ್ರಕ್ಟರ್, ಮುರುಡೇಶ್ವರ):
ದಡ್ಡತನ ಏನಲ್ಲ ಮಾರಾಯ್ರೆ. ಮೊದಲು ಆ 10,000ದ ಲೆಕ್ಕ ನೋಡಿಬಿಡೋಣ.

ಅದರೊಳಗೆ ಇರುವುದು 18650 ಸೆಲ್ ಇರಬೇಕು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಳ್ಳೆಯದಾದರೆ 3,500 ಎಂಎಎಚ್. ಅದನ್ನು 3.6 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 12.6 ವ್ಯಾಟ್ ಅವರ್. ಎಲ್‌ಇಡಿ ಒಂದು ವ್ಯಾಟ್‌ಗೆ ಹೆಚ್ಚುಕಮ್ಮಿ 100 ಲ್ಯೂಮೆನ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. 10,000 ಲ್ಯೂಮೆನ್‌ಗೆ 100 ವ್ಯಾಟ್ ಬೇಕು. ಅಂದರೆ ಆ ಸೆಲ್ ಏಳೂವರೆ ನಿಮಿಷಕ್ಕೆ ಖಾಲಿ! ಎರಡು ಗಂಟೆ ನಿಜವಾದರೆ 10,000 ಸುಳ್ಳು. 10,000 ನಿಜವಾದರೆ ಎರಡು ಗಂಟೆ ಸುಳ್ಳು. ನನ್ನ ಅನುಭವದಲ್ಲಿ ಎರಡೂ ಸುಳ್ಳೇ.

ಒಳ್ಳೆ ಕಂಪನಿಯದ್ದಾದರೂ ಉರಿಯುವ ಸಮಯವನ್ನು ಹುಷಾರಾಗಿ ಓದಿ. ಟಾರ್ಚುಗಳಿಗೆ ಎಫ್‌ಎಲ್1 ಅಂತ ಒಂದು ಅಮೆರಿಕನ್ ಮಾನದಂಡ ಇದೆ. ಅದರಲ್ಲೂ ಬೆಳಕು ಶುರುವಿನ 10 ಪರ್ಸೆಂಟ್‌ಗೆ ಇಳಿಯುವವರೆಗೆ ಗಡಿಯಾರ ಓಡುತ್ತಲೇ ಇರುತ್ತದೆ. ಕೊನೆಯಲ್ಲಿ ನಿಮ್ಮ ಕೈಯಲ್ಲಿರುವುದು ಹತ್ತರಲ್ಲೊಂದು ಪಾಲು ಬೆಳಕು.

ಇನ್ನು ಬೀಮ್, ಅಂದರೆ ಲೈಟಿನಿಂದ ಹೊರಡುವ ಬೆಳಕಿನ ಕೋಲು. ಲ್ಯೂಮೆನ್ ಅಂದರೆ ಒಟ್ಟು ಬೆಳಕು, ಅದು ಎಲ್ಲಿ ಬೀಳುತ್ತದೆ ಅಂತ ಹೇಳುವುದಿಲ್ಲ. 1,000 ಲ್ಯೂಮೆನ್ ಅನ್ನು 8 ಡಿಗ್ರಿಯ ಕೋನದಲ್ಲಿ ಒಟ್ಟು ಮಾಡಿದರೆ ಲೆಕ್ಕದ ಪ್ರಕಾರ ಸುಮಾರು 65,000 ಕ್ಯಾಂಡೆಲಾ (ಒಂದು ದಿಕ್ಕಿನಲ್ಲಿ ಬೆಳಕು ಎಷ್ಟು ಪ್ರಖರ ಅನ್ನುವ ಅಳತೆ) ಬರುತ್ತದೆ. 10,000 ಲ್ಯೂಮೆನ್ ಅನ್ನು 120 ಡಿಗ್ರಿಗೆ ಹರಡಿದರೆ ಬರೀ 3,200ರ ಹತ್ತಿರ. ನಿಜವಾದ ಲೈಟಿನಲ್ಲಿ ಸ್ವಲ್ಪ ಬೆಳಕು ಪಕ್ಕಕ್ಕೆ ಸೋರುತ್ತದೆ, ಇಷ್ಟು ಚೊಕ್ಕ ಇರುವುದಿಲ್ಲ. ಆದರೂ ಹಡಗಿನ ಒಳಗೆ, ಬಂಡೆಯ ಸಂದಿನಲ್ಲಿ ಏನಿದೆ ಅಂತ ನೋಡಲು ಗೆಲ್ಲುವುದು ಆ ಚಿಕ್ಕ ಲೈಟೇ.

ಬಲ್ಬಿನ ವಿಷಯ. ಮೊದಲು ಹ್ಯಾಲೋಜನ್ ಇತ್ತು. 50 ವ್ಯಾಟ್ ನುಂಗಿ ಸಾವಿರ ಲ್ಯೂಮೆನ್ ಕೊಡುತ್ತಿತ್ತು, ಬ್ಯಾಟರಿ ಇಳಿದ ಹಾಗೆ ಬೆಳಕು ಹಳದಿಯಾಗುತ್ತಾ ಹೋಗುತ್ತಿತ್ತು. ಅದನ್ನು ಮರೆತುಬಿಡಿ.

ಎಚ್‌ಐಡಿ ಬಂದಾಗ ಫ್ಲೋರಿಡಾದ ಗುಹೆಗಳಲ್ಲಿ ಡೈವ್ ಮಾಡುವವರಿಗೆ ಅದು ದೊಡ್ಡ ವರ. ಅದೇ ಬೆಳಕಿಗೆ ಅರ್ಧಕ್ಕಿಂತ ಕಡಿಮೆ ವ್ಯಾಟ್ ಸಾಕು. ಇದರಲ್ಲಿ ಫಿಲಮೆಂಟ್ ಇಲ್ಲ. ಎರಡು ಎಲೆಕ್ಟ್ರೋಡ್ ನಡುವೆ ಪುಟ್ಟ ಕಿಡಿ ಸತತವಾಗಿ ಉರಿಯುತ್ತಿರುತ್ತದೆ. ಅಷ್ಟು ಸಣ್ಣ ಜಾಗದಿಂದ ಬೆಳಕು ಬರುವುದರಿಂದ ರಿಫ್ಲೆಕ್ಟರ್ ಅದನ್ನು ಸೂಜಿಯಷ್ಟು ಕಿರಿದು ಮಾಡಬಲ್ಲದು. ಈಗಲೂ ಆ ಬೀಮ್ ನೋಡಿದರೆ ನನಗೆ ಖುಷಿಯಾಗುತ್ತದೆ.

ಆದರೆ ಕಿಡಿ ಹೊತ್ತಿಸಲು ಬ್ಯಾಲಾಸ್ಟ್ (ಬಲ್ಬಿಗೆ ಕರೆಂಟ್ ಹೊಂದಿಸಿ ಕೊಡುವ ಸರ್ಕ್ಯೂಟ್) ಸಾವಿರಾರು ವೋಲ್ಟ್‌ಗಳ ಏಟು ಕೊಡಬೇಕು. ಪೂರ್ತಿ ಬೆಳಕು ಬರಲು ಸ್ವಲ್ಪ ಹೊತ್ತು ಕಾಯಬೇಕು. ಬಿಸಿ ಇರುವಾಗ ಆರಿಸಿದರೆ ತಕ್ಷಣ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಪದೇಪದೇ ಆನ್, ಆಫ್ ಮಾಡಿದರೆ ಬಲ್ಬಿನ ಆಯಸ್ಸು ಕಡಿಮೆ. ಬೋಟಿನಲ್ಲಿ ಕೈಜಾರಿ ಬಿದ್ದರೆ ಬಲ್ಬ್ ಹೋಯಿತು ಅಂತಲೇ ತಿಳಿಯಿರಿ.

ಎಲ್‌ಇಡಿಗೆ ಈ ರಗಳೆ ಇಲ್ಲ. ಅದರ ಶತ್ರು ಶಾಖ. ನೀರಿನಲ್ಲಿ ತಣ್ಣಗಿರುತ್ತದೆ, ಬೋಟಿನ ಮೇಲೆ ಸುಮ್ನೆ ಉರಿಸಿ ತೋರಿಸಿದರೆ ಕುದಿಯುತ್ತದೆ. ಒಳಗಿನ ಸರ್ಕ್ಯೂಟ್ ಚೆನ್ನಾಗಿದ್ದರೆ ತಾನೇ ಬೆಳಕು ಇಳಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಸುಟ್ಟುಹೋಗುತ್ತದೆ.

ನಿಮಗೆ ಮೂರನೆಯದು ಸಾಕು.

ಅದೇ ಸದಸ್ಯರು:
ಗೆಳೆಯ ಪುಕ್ಕಟೆ ಕೊಡ್ತಾನೆ ಸರ್! ಆ ಎಚ್‌ಐಡಿ ಬಲ್ಬ್ ಕಿತ್ತು ಎಲ್‌ಇಡಿ ಹಾಕಿಸಬಹುದಾ?

ಉತ್ತರ:
ಬಲ್ಬ್ ಮಾತ್ರ ಬದಲಾಯಿಸಲು ಆಗುವುದಿಲ್ಲ. ಎಚ್‌ಐಡಿ ಬ್ಯಾಲಾಸ್ಟ್ ಎಲ್‌ಇಡಿಗೆ ಹೊಂದುವುದಿಲ್ಲ, ಎಲ್‌ಇಡಿಯ ಶಾಖ ಹೊರಹೋಗಲು ಲೋಹದ ದಾರಿಯೂ ಬೇಕು. ಹೆಡ್ (ಬಲ್ಬ್ ಇರುವ ಮುಂಭಾಗ) ಪೂರ್ತಿ ಬದಲಾಯಿಸಿ, ಡಬ್ಬಿ ಮತ್ತು ಕೇಬಲ್ ಉಳಿಸಿಕೊಳ್ಳುವವರು ಇದ್ದಾರೆ. ಹಾಗೆ ಮಾಡುವುದಾದರೆ ಬ್ಯಾಟರಿಯ ವೋಲ್ಟೇಜ್ ಹೊಸ ಹೆಡ್‌ಗೆ ಹೊಂದುತ್ತದಾ ಅಂತ ಮೊದಲು ನೋಡಿ. ಹಳೇ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ಅಂತ ಬಕೆಟ್ ನೀರಿನಲ್ಲಿ ಹೆಡ್ ಮುಳುಗಿಸಿಟ್ಟು, ಗಡಿಯಾರ ಇಟ್ಟುಕೊಂಡು ಅಳೆಯಿರಿ. ಪುಕ್ಕಟೆ ಅಂತ ತಗೊಂಡು ಲೈಟಿನ ಬೆಲೆಗಿಂತ ಜಾಸ್ತಿ ರಿಪೇರಿಗೆ ಸುರಿಯಬೇಡಿ.

ಮಂಗಳೂರಿನ ಸದಸ್ಯೆ:
ಸರ್, ನಾನು ನೀರೊಳಗೆ ವಿಡಿಯೋ ತೆಗೆಯುತ್ತೇನೆ. ನನಗೂ ಕಿರಿದಾದ ಬೀಮೇನಾ?

ಉತ್ತರ:
ಇಲ್ಲ ಮೇಡಂ, ನಿಮ್ಮ ಲೆಕ್ಕವೇ ಬೇರೆ. ನಿಮಗೆ 100ರಿಂದ 120 ಡಿಗ್ರಿಯ ಅಗಲ ಬೆಳಕು ಬೇಕು, ಮಧ್ಯದಲ್ಲಿ ಪ್ರಖರವಾದ ಚುಕ್ಕೆ ಇರಬಾರದು. ಇಲ್ಲಿ ಜಾಸ್ತಿ ಲ್ಯೂಮೆನ್‌ಗೆ ಕೊಟ್ಟ ದುಡ್ಡು ಸಾರ್ಥಕ. ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಂಕ, 90ಕ್ಕಿಂತ ಮೇಲಿರಲಿ. ಕೆಂಪು ಬಣ್ಣ ಮೊದಲ ಕೆಲವು ಮೀಟರಿನಲ್ಲೇ ಮಾಯವಾಗುತ್ತದೆ, ಅದನ್ನು ವಾಪಸ್ ತರುವುದು ನಿಮ್ಮ ಲೈಟೇ. ಆ ಬೆಳಕಿನಲ್ಲೇ ಕೆಂಪು ಕಮ್ಮಿ ಇದ್ದರೆ ಹವಳ ಬೂದಿ ಬಣ್ಣಕ್ಕೆ ಕಾಣುತ್ತದೆ.

ನಮ್ಮ ಕರಾವಳಿಯ ನೀರಿನಲ್ಲಿ ಕಣ ಜಾಸ್ತಿ. ಲೈಟನ್ನು ಲೆನ್ಸ್ ಪಕ್ಕದಲ್ಲೇ ಇಟ್ಟರೆ ಆಗುಂಬೆ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದ ಹಾಗೆ, ಬರೀ ಬಿಳಿ ಗೋಡೆ. ಕ್ಯಾಮೆರಾದ ಎರಡೂ ಪಕ್ಕ ಲೈಟ್ ಹಿಡಿಯುವ ಉದ್ದನೆಯ ಆರ್ಮ್ ಹಾಕಿ, ಎರಡೂ ಲೈಟನ್ನು ದೂರ ಸರಿಸಿ, ಸ್ವಲ್ಪ ಹೊರಕ್ಕೆ ತಿರುಗಿಸಿ.

ಮೊದಲ ಸದಸ್ಯರು:
ಸರಿ ಸರ್, ಮೂರನೆಯದೇ ತಗೊಳ್ತೀನಿ. ವಿಮಾನದಲ್ಲಿ ಒಯ್ಯಲು ತೊಂದರೆ ಇದೆಯಾ? ಒಂದೇ ಲೈಟ್ ಸಾಕಾ?

ಉತ್ತರ:
ಲಿಥಿಯಂ ಸೆಲ್ ಹ್ಯಾಂಡ್ ಬ್ಯಾಗೇಜ್‌ನಲ್ಲೇ ಇರಲಿ. ಒಂದು ಬ್ಯಾಟರಿ 100 ವ್ಯಾಟ್ ಅವರ್ ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಸೆಲ್ ಹೊರತೆಗೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಬ್ಯಾಗಿನೊಳಗೆ ಲೈಟ್ ತಾನಾಗಿ ಹೊತ್ತಿಕೊಂಡರೆ ಬಟ್ಟೆ ಸುಡುತ್ತದೆ.

ಒಂದು ಲೈಟ್ ಸಾಲದು. ಗುಹೆಯಲ್ಲಿ ಡೈವ್ ಮಾಡುವವರು ಮೂರು ಒಯ್ಯುತ್ತಾರೆ. ನಿಮಗೆ ರಾತ್ರಿ ಡೈವ್‌ಗೆ ಒಂದು ದೊಡ್ಡದು, ಜೇಬಿನಲ್ಲಿ ಒಂದು ಸಣ್ಣದು. ಲಿಬರ್ಟಿಯಲ್ಲಿ ರಾತ್ರಿ ದೊಡ್ಡ ಗಿಳಿಮೀನುಗಳು ಮಲಗಿರುತ್ತವೆ, ಅವುಗಳ ಕಣ್ಣಿಗೂ ಜೊತೆಗಾರರ ಕಣ್ಣಿಗೂ ಬೀಮ್ ಹೊಡೆಯಬೇಡಿ. ಜೊತೆಗಾರರಿಗೆ ‘ಎಲ್ಲ ಸರಿ’ ಅನ್ನಲು ನೆಲದ ಮೇಲೆ ಬೆಳಕಿನ ವೃತ್ತ ಬರೆಯಿರಿ. ತೊಂದರೆ ಇದ್ದರೆ ಬೇಗಬೇಗ ಅಕ್ಕಪಕ್ಕ ಆಡಿಸಿ.

ಮತ್ತೆ ಓ-ರಿಂಗ್, ಅಂದರೆ ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಬಳೆ. ಸೆಲ್ ಹಾಕಿ ಮುಚ್ಚುವ ಮುಂಚೆ ರಿಂಗ್ ತೆಗೆದು ಬೆರಳಿನ ತುದಿಯಲ್ಲಿ ಸುತ್ತಲೂ ಸವರಿ. ಒಂದು ಕೂದಲು, ಒಂದು ಮರಳಿನ ಕಾಳು ಸಿಕ್ಕಿದರೂ ಒರೆಸಿ. ಕಂಪನಿ ಕೊಟ್ಟ ಗ್ರೀಸ್ ಹೊಳೆಯುವಷ್ಟು ಮಾತ್ರ ಹಚ್ಚಿ, ಮೆತ್ತಬೇಡಿ. ಡೈವ್ ಮುಗಿದ ಮೇಲೆ ಮೊದಲು ಸಿಹಿನೀರಿನಲ್ಲಿ ನೆನೆಸಿ, ಒರೆಸಿ, ಆಮೇಲೆ ತೆರೆಯಿರಿ.