ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡೆಸಲು ಉಚಿತ ಸಾಮಗ್ರಿ ಯಾವುದು? 1 ಬಿದ್ದರೆ ಆಯುಧ ಕೈಜಾರುವ ನಿಯಮ ಇರಬೇಕೇ?

ಹೊಸ ಡಿಎಂ:
ಇಷ್ಟು ದಿನ ಆಟಗಾರನಾಗಿ ಮಾತ್ರ ಕುಳಿತಿದ್ದ ನಾನು ಬರುವ ತಿಂಗಳಿನಿಂದ ನಾಲ್ವರು ಗೆಳೆಯರಿಗೆ ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವನು) ಆಗಿ, ಪಾತ್ರ ವಹಿಸಿ ದಾಳ ಎಸೆದು ಆಡುವ ಈ ಆಟದ ಐದನೆಯ ಆವೃತ್ತಿಯನ್ನು ನಡೆಸಬೇಕಾಗಿದೆ. ಮೂರು ಮುಖ್ಯ ಪುಸ್ತಕಗಳನ್ನು ಕೊಳ್ಳದೆ ಆರಂಭಿಸಲು ಸಾಧ್ಯವೇ? ಇನ್ನೊಂದು ವಿಷಯ ನಾವೇ ಸೇರಿಸಿಕೊಳ್ಳುವ ನಿಯಮಗಳಾದ ಹೌಸ್ ರೂಲ್‌ಗಳದು. ದಾಳಿ ಮಾಡುವಾಗ ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಆಯುಧ ಕೈಜಾರಬೇಕು ಎಂಬ ನಿಯಮವನ್ನೂ, ಗಾಯ ವಾಸಿಮಾಡುವ ಹೀಲಿಂಗ್ ಪೋಷನ್ನನ್ನು ಸರದಿಯ ಮುಖ್ಯ ಆ್ಯಕ್ಷನ್ ಉಳಿಸಿಕೊಂಡೇ, ಹೆಚ್ಚುವರಿ ಕ್ರಿಯೆಯಾದ ಬೋನಸ್ ಆ್ಯಕ್ಷನ್‌ನಲ್ಲಿ ಕುಡಿಯಬಹುದು ಎಂಬ ನಿಯಮವನ್ನೂ ಸೇರಿಸಬೇಕೆಂದಿದ್ದೇನೆ. ಮೊದಲನೆಯದನ್ನು ಫೈಟರ್ (ಯೋಧೆಯ ಪಾತ್ರ) ಆಡುವ ಗೆಳತಿ ಒಪ್ಪುತ್ತಿಲ್ಲ. ಉಳಿದವರಿಗೆ ಅದು ತಮಾಷೆಯಾಗಿ ಕಾಣುತ್ತಿದೆ.

ಗ್ರಂಥಪಾಲಕ:
ಖಂಡಿತ ಸಾಧ್ಯ. ಆಟದ ಮೂಲ ನಿಯಮಗಳ ಸಂಗ್ರಹವಾದ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್, ಅಂದರೆ ಎಸ್‌ಆರ್‌ಡಿ, ಉಚಿತವಾಗಿ ಸಿಗುತ್ತದೆ. 2014ರ ನಿಯಮಗಳನ್ನು ಆಧರಿಸಿದ 5.1 ಆವೃತ್ತಿಯನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು; 2024ರ ಪರಿಷ್ಕೃತ ನಿಯಮಗಳನ್ನು ಆಧರಿಸಿದ 5.2 2025ರಲ್ಲಿ ಬಂತು. ಪ್ರತಿ ಕ್ಲಾಸಿಗೆ (ಫೈಟರ್‌ನಂತಹ ಪಾತ್ರವರ್ಗಕ್ಕೆ) ಒಂದೊಂದೇ ಒಳವರ್ಗ, ಅಂದರೆ ಸಬ್‌ಕ್ಲಾಸ್ ಕೊಟ್ಟಿದ್ದಾರೆ, ಬಿಹೋಲ್ಡರ್‌ನಂತಹ ಕೆಲವು ಪ್ರಸಿದ್ಧ ಜೀವಿಗಳ ವಿವರಪಟ್ಟಿಯೂ ಅದರಲ್ಲಿಲ್ಲ. ಆದರೆ ಮೊದಲ ಕೆಲವು ತಿಂಗಳ ಆಟಕ್ಕೆ ಅದರ ಕೊರತೆ ಕಾಣುವುದಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಎಲ್ಲರೂ ಅದನ್ನೇ ತೆರೆದಿಟ್ಟುಕೊಳ್ಳುವಂತೆ ನೋಡಿಕೊಳ್ಳಿ, ಒಬ್ಬರು 5.1ರ ಮಂತ್ರವನ್ನೂ ಇನ್ನೊಬ್ಬರು 5.2ರ ಮಂತ್ರವನ್ನೂ ಓದತೊಡಗಿದರೆ ಅರ್ಧ ಸಂಜೆ ವಾದದಲ್ಲೇ ಕಳೆಯುತ್ತದೆ.

ದಾಳದ ಲೆಕ್ಕ:
ನಿಮ್ಮ ಗೆಳತಿಯ ಆಕ್ಷೇಪ ನ್ಯಾಯವಾದದ್ದು. ಒಂದು ಎಸೆತದಲ್ಲಿ 1 ಬೀಳುವ ಸಂಭವ ಶೇ 5 ಮಾತ್ರ ಎಂಬುದು ನಿಜ, ಆದರೆ ಫೈಟರ್ 5ನೇ ಲೆವೆಲ್‌ನಲ್ಲಿ ಸರದಿಗೆ ಎರಡು ಸಲ, 11ನೇ ಲೆವೆಲ್‌ನಲ್ಲಿ ಮೂರು ಸಲ ದಾಳಿ ಮಾಡುವುದರಿಂದ, ಪಳಗಿದಷ್ಟೂ ಅವಳ ಕತ್ತಿ ಹೆಚ್ಚು ಹೆಚ್ಚು ನೆಲಕ್ಕೆ ಬೀಳುತ್ತದೆ. 11ನೇ ಲೆವೆಲ್‌ನ ಒಂದು ಸರದಿಯಲ್ಲಿ ಈ ಸಂಭವ ಶೇ 14 ದಾಟುತ್ತದೆ. ಐದು ಸುತ್ತಿನ ಕಾಳಗದಲ್ಲಿ ಒಮ್ಮೆಯಾದರೂ ಹೀಗಾಗುವ ಸಂಭವ ಅರ್ಧಕ್ಕಿಂತ ಹೆಚ್ಚು. ಅತ್ತ ಫೈರ್‌ಬಾಲ್ ಮಂತ್ರ ಎಸೆಯುವ ವಿಝರ್ಡ್ (ಮಾಂತ್ರಿಕ) ದಾಳಿಯ ದಾಳವನ್ನೇ ಉರುಳಿಸುವುದಿಲ್ಲ, ಏಕೆಂದರೆ ಅಲ್ಲಿ ಸೇವಿಂಗ್ ಥ್ರೋ (ಏಟಿನಿಂದ ಪಾರಾಗಲು ಎಸೆಯುವ ದಾಳ) ಎಸೆಯಬೇಕಾದವನು ಎದುರಾಳಿ. ಹೀಗಾಗಿ ನೀವು ಹಾಸ್ಯಕ್ಕೆಂದು ತಂದ ನಿಯಮದ ದಂಡವನ್ನು ಒಬ್ಬಳೇ ತೆರುತ್ತಾಳೆ.

ಇದು ನನ್ನ ಮೇಜಿನಲ್ಲೇ ಆದದ್ದು. ಸೇತುವೆಯ ಮೇಲಿನ ಒಂದು ಕಾಳಗದಲ್ಲಿ ಮೂರನೆಯ ಸಲ ಕತ್ತಿ ಜಾರಿದಾಗ ಎಲ್ಲರೂ ನಕ್ಕರು. ಫೈಟರ್ ಆಡುತ್ತಿದ್ದವನು ಮಾತ್ರ ದಾಳವನ್ನು ಮೆಲ್ಲಗೆ ಡಬ್ಬಿಯೊಳಗಿಟ್ಟು, ತನ್ನ ಸರದಿ ಬಂದಾಗಲೆಲ್ಲ ‘ಗುರಾಣಿ ಹಿಡಿದು ನಿಂತಿದ್ದೇನೆ’ ಎನ್ನತೊಡಗಿದ. ಮುಂದಿನ ವಾರ ನಾನು ಆ ನಿಯಮವನ್ನು ತೆಗೆದುಹಾಕಿದೆ. 1 ಬಿದ್ದರೆ ಗುರಿ ತಪ್ಪಿತು, ಅಷ್ಟು ಸಾಕು. ಹೇಗೆ ತಪ್ಪಿತೆಂದು ವರ್ಣಿಸುವ ಕೆಲಸವನ್ನು ಆಟಗಾರರಿಗೇ ಬಿಟ್ಟರೆ ನಗುವಿಗೂ ಕೊರತೆಯಾಗುವುದಿಲ್ಲ.

ಹಳೇ ಡಿಎಂ:
ಪೋಷನ್ ನಿಯಮವನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಿ. 2014ರ ನಿಯಮದಂತೆ ಅದನ್ನು ಕುಡಿಯಲು ಇಡೀ ಆ್ಯಕ್ಷನ್ ಬೇಕಿತ್ತು. ಅನೇಕರು ತಮ್ಮ ಮೇಜಿನಲ್ಲಿ ಬದಲಿಸಿಕೊಂಡಿದ್ದ ಈ ಪದ್ಧತಿಯೇ 2024ರಲ್ಲಿ ಅಧಿಕೃತವಾಯಿತು. ಸಾಮಾನ್ಯ ಪೋಷನ್ ನಾಲ್ಕು ಮುಖದ ಎರಡು ದಾಳಗಳ ಮೊತ್ತಕ್ಕೆ 2 ಸೇರಿಸಿದಷ್ಟು, ಅಂದರೆ ಸರಾಸರಿ 7 ಹಿಟ್ ಪಾಯಿಂಟ್ (ಪಾತ್ರದ ಜೀವಬಲ) ಕೊಡುತ್ತದೆ. ಅಷ್ಟಕ್ಕಾಗಿ ಒಂದು ಸರದಿಯನ್ನೇ ಕಳೆದುಕೊಳ್ಳುವುದು ಯಾರಿಗೂ ಇಷ್ಟವಾಗುವುದಿಲ್ಲ. ನಮ್ಮಲ್ಲಿ ಆತುರದಿಂದ ಬೋನಸ್ ಆ್ಯಕ್ಷನ್‌ನಲ್ಲಿ ಕುಡಿದವರು ದಾಳ ಎಸೆಯಬೇಕು. ಆ್ಯಕ್ಷನ್ ಕೊಟ್ಟು ನಿಧಾನವಾಗಿ ಕುಡಿದವರಿಗೆ ಗರಿಷ್ಠ 10 ಸಿಗುತ್ತದೆ.

ಹೊಸ ಡಿಎಂ:
ಎಲ್ಲರಿಗೂ ಧನ್ಯವಾದಗಳು. ವಿಝರ್ಡ್‌ನ ವಿಚಾರ ನನಗೆ ಹೊಳೆದೇ ಇರಲಿಲ್ಲ. ಕೈಜಾರುವ ನಿಯಮವನ್ನು ಕೈಬಿಟ್ಟೆ, 5.2 ಇಳಿಸಿಕೊಂಡು ನಾಲ್ವರಿಗೂ ಕಳುಹಿಸಿದ್ದೇನೆ. ಪೋಷನ್‌ಗೆ 10 ಕೊಡುವ ಉಪಾಯವನ್ನು ಆಟಕ್ಕೆ ಮುನ್ನ ಎಲ್ಲರೂ ಕುಳಿತು ಮಾತಾಡುವ ಸೆಷನ್ ಝೀರೋದಲ್ಲಿ ಅವರ ಮುಂದಿಡುತ್ತೇನೆ.